ಸೂಜಿಯಿಲ್ಲದೆ ಜ್ವರದ ಪತ್ತೆ: ಉಗುಳು, ಮೂತ್ರಗಳ ಸಾಕ್ಷ್ಯ ಎಷ್ಟು ನಂಬಬಹುದು?

ಮಳೆಗಾಲ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅಡಿಕೆ ತೋಟದ ಹಾಳೆಗಳಲ್ಲಿ, ರಬ್ಬರು ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲಿ, ಹಿತ್ತಿಲಲ್ಲಿ ಬಿಸಾಡಿದ ಗೆರಟೆಗಳಲ್ಲಿ ನೀರು ನಿಂತು ನುಸಿ ಹುಟ್ಟುವುದೂ, ಅದರ ಬೆನ್ನಿಗೇ ಜ್ವರ ಏಳುವುದೂ ಕಾಸರಗೋಡಿನವರಿಗೆ ಹೊಸ ಸಂಗತಿಯಲ್ಲ. 2017ರಲ್ಲಿ ಕೇರಳದಲ್ಲಿ ಡೆಂಗ್ಯೂ ದೃಢಪಟ್ಟವರ ಸಂಖ್ಯೆಯೇ 20 ಸಾವಿರದ ಹತ್ತಿರ ಬಂದಿತ್ತು. ಜ್ವರವೆಂದರೆ ರಕ್ತಪರೀಕ್ಷೆ, ರಕ್ತಪರೀಕ್ಷೆಯೆಂದರೆ ಸೂಜಿ. ಎಳೆಯ ಮಗುವಿನ ಕೈಯಲ್ಲಿ ನರ ಸಿಗದೆ ಎರಡೆರಡು ಕಡೆ ಚುಚ್ಚಬೇಕಾಗುವುದೂ, ಆ ಕೂಗಿಗೆ ಹೆದರಿದ ತಾಯಂದಿರು ‘ಇನ್ನೊಂದು ದಿನ ನೋಡುವ’ ಎಂದು ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುವುದೂ ನಡೆಯುತ್ತಲೇ ಇರುತ್ತದೆ.

ಹೀಗಿರುವಾಗ, ಸೂಜಿಯ ಹಂಗಿಲ್ಲದೆ ಉಗುಳು ಅಥವಾ ಮೂತ್ರದಿಂದಲೇ ನುಸಿ ಹರಡುವ ವೈರಸ್ ಜ್ವರಗಳನ್ನು ಪತ್ತೆಹಚ್ಚಬಹುದೆಂಬ ವಾರ್ತೆ ಆಗಾಗ ಕೇಳಿಬರುತ್ತಿದೆ. ಇದರಲ್ಲಿ ಹುರುಳೆಷ್ಟು, ನಮ್ಮ ಜಿಲ್ಲೆಗೆ ಇದರಿಂದ ಆಗಬಹುದಾದ ಪ್ರಯೋಜನವೇನು ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ರಕ್ತದ ಲೆಕ್ಕ. ಡೆಂಗ್ಯೂ ಜ್ವರ ಬಂದ ಮೊದಲ ಐದು ದಿನ ರಕ್ತದಲ್ಲಿ ವೈರಸ್ಸೇ ಇರುತ್ತದೆ. ಅದು ಹೊರಚೆಲ್ಲುವ ಎನ್.ಎಸ್.-1 ಎಂಬ ಪ್ರೋಟೀನೂ ಇರುತ್ತದೆ. ಐದನೆಯ ದಿನದ ಬಳಿಕ ವೈರಸ್ ಹಿಮ್ಮೆಟ್ಟಿ, ದೇಹವು ತಯಾರಿಸಿದ ಪ್ರತಿಕಾಯಗಳು ಕಾಣತೊಡಗುತ್ತವೆ. ಆದುದರಿಂದಲೇ ಸರಕಾರಿ ಕ್ರಮದಲ್ಲಿ ಮೊದಲ ದಿನಗಳಿಗೆ ಒಂದು ಪರೀಕ್ಷೆ, ನಂತರದ ದಿನಗಳಿಗೆ ಇನ್ನೊಂದು. ಪ್ರತಿಕಾಯ ಪರೀಕ್ಷೆಗೆ ಬೇಕಾದ ಕಿಟ್ಟುಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ತಯಾರಿಸಿ ದೇಶಕ್ಕೆಲ್ಲ ಒದಗಿಸುತ್ತದೆ.

ಆದರೆ ಪ್ರತಿಕಾಯವೆಂಬುದು ಪೂರ್ಣ ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲ. ಡೆಂಗ್ಯೂ, ಝೀಕಾ, ಜಪಾನಿ ಮೆದುಳುಜ್ವರ, ವೆಸ್ಟ್ ನೈಲ್ ಇವೆಲ್ಲ ಒಂದೇ ಕುಟುಂಬದ ವೈರಸ್ಸುಗಳು. ಒಂದಕ್ಕೆಂದು ಹುಟ್ಟಿದ ಪ್ರತಿಕಾಯ ಮತ್ತೊಂದರ ಪರೀಕ್ಷೆಯಲ್ಲೂ ‘ಹೌದು’ ಎಂದುಬಿಡುತ್ತದೆ. ವರ್ಷ ವರ್ಷ ಡೆಂಗ್ಯೂ ಕಾಣುವ ನಮ್ಮಂಥ ಪ್ರದೇಶದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಇಲ್ಲಿ ಖಚಿತವಾಗಿ ಹೇಳಬಲ್ಲದ್ದು ವೈರಸ್ಸಿನ ಆರ್.ಎನ್.ಎ.ಯನ್ನೇ ಹಿಡಿಯುವ ಪಿ.ಸಿ.ಆರ್. ಪರೀಕ್ಷೆ. ಅದಕ್ಕೆ ರಕ್ತದಲ್ಲಿ ಸಿಗುವ ಅವಕಾಶವಾದರೋ ಕೆಲವೇ ದಿನ. ಮೂತ್ರದ ಮಹತ್ವ ಬರುವುದು ಈ ಸಂದರ್ಭದಲ್ಲಿ.

ಝೀಕಾದ ಅನುಭವವೇ ಇದಕ್ಕೆ ಒಳ್ಳೆಯ ದೃಷ್ಟಾಂತ. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಶಿಯಾ ದ್ವೀಪಗಳಲ್ಲಿ 2013-14ರಲ್ಲಿ ಈ ಜ್ವರ ಹಬ್ಬಿದಾಗ ಅಲ್ಲಿನ ಸಂಶೋಧಕರು ಉಗುಳನ್ನೂ ಪರೀಕ್ಷಿಸಿ, ಕೆಲವು ರೋಗಿಗಳಲ್ಲಿ ರಕ್ತದಲ್ಲಿ ಸಿಗದ ವೈರಸ್ ಉಗುಳಿನಲ್ಲಿ ಸಿಕ್ಕಿದ್ದನ್ನು ಕಂಡರು. ಉಗುಳಿನಲ್ಲಿ ಸಿಗದೆ ರಕ್ತದಲ್ಲಿ ಮಾತ್ರ ಸಿಕ್ಕಿದವರೂ ಇದ್ದರು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಲ್ಲ, ಎರಡನ್ನೂ ನೋಡುವುದೇ ಲೇಸೆಂದಾಯಿತು. ನ್ಯೂ ಕ್ಯಾಲೆಡೋನಿಯಾದ ರೋಗಿಗಳ ಮೂತ್ರದಲ್ಲಿ ಜ್ವರ ತೊಡಗಿ ಹತ್ತು ದಿನಗಳಾದ ಮೇಲೂ ವೈರಸ್ಸಿನ ಗುರುತು ಇತ್ತೆಂದು 2015ರಲ್ಲಿ ಪ್ರಕಟವಾಯಿತು. ಬ್ರೆಜಿಲಿನಲ್ಲಿ ಸಣ್ಣ ತಲೆಯ ಶಿಶುಗಳು ಹುಟ್ಟಿ ಲೋಕವೇ ಬೆಚ್ಚಿದ ಬಳಿಕ, 2016ರ ಮೇ ತಿಂಗಳಲ್ಲಿ ಅಮೇರಿಕದ ರೋಗ ನಿಯಂತ್ರಣ ಕೇಂದ್ರವು ಜ್ವರ ತೊಡಗಿದ ಎರಡು ವಾರದೊಳಗೆ ಮೂತ್ರದ ಪರೀಕ್ಷೆಯನ್ನೂ ಮಾಡಬೇಕೆಂದು ಸಲಹೆ ಕೊಟ್ಟಿತು. ರಕ್ತದ ಒಂದು ವಾರ ಹೀಗೆ ಮೂತ್ರದಲ್ಲಿ ಎರಡು ವಾರವಾಯಿತು. ಗರ್ಭಿಣಿಯೊಬ್ಬಳ ಪಾಲಿಗೆ ಈ ಒಂದು ವಾರದ ವ್ಯತ್ಯಾಸ ಸಣ್ಣದಲ್ಲ.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಕೇರಳದಲ್ಲಿ 2021ರ ಜುಲೈಯಲ್ಲಿ ಮೊತ್ತಮೊದಲು ಝೀಕಾ ಪತ್ತೆಯಾದುದು ತಿರುವನಂತಪುರ ಜಿಲ್ಲೆಯ ಪಾರಶಾಲೆಯ ಓರ್ವ ಗರ್ಭಿಣಿಯಲ್ಲಿ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲೂ ಅದು ಕಂಡುಬಂತು. ಎರಡೂ ಪ್ರಕರಣಗಳಲ್ಲಿ ದೃಢೀಕರಣಕ್ಕೆ ಪುಣೆಯ ವರದಿಗಾಗಿ ಕಾಯಬೇಕಾಯಿತು. ಎರಡು ರಾಜ್ಯಗಳ ನಡುವೆ ಬದುಕುವ ನಾವು ಇದನ್ನು ಗಮನಿಸದಿರುವಂತಿಲ್ಲ.

ಡೆಂಗ್ಯೂವಿನ ವಿಷಯದಲ್ಲಿ ಮಾತ್ರ ಇಷ್ಟು ಉತ್ಸಾಹಕ್ಕೆ ಆಸ್ಪದವಿಲ್ಲ. ಕಾಂಬೋಡಿಯಾದ ಆಸ್ಪತ್ರೆಗಳ ರೋಗಿಗಳ ರಕ್ತ, ಉಗುಳು, ಮೂತ್ರ ಮೂರನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರಕ್ತವೇ ಮೇಲು. ಉಗುಳು ಮತ್ತು ಮೂತ್ರದಲ್ಲಿ ಎಷ್ಟೋ ಪ್ರಕರಣಗಳು ತಪ್ಪಿಹೋಗುತ್ತವೆ. ರಕ್ತ ತೆಗೆಯಲಾಗದ ಕಡೆ ಇವು ಉಪಯೋಗಕ್ಕೆ ಬರಬಹುದು, ಅಷ್ಟೇ. ರಕ್ತದಿಂದ ವೈರಸ್ ಮಾಯವಾದ ಬಳಿಕವೂ ಮೂತ್ರದಲ್ಲಿ ಅದು ಸಿಗಬಹುದೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದು ನಿಜ. ಚಿಕುನ್‌ಗುನ್ಯಾಕ್ಕೂ ರಕ್ತವೇ ಭರವಸೆಯದು. ಉಗುಳಿನಲ್ಲಿ ‘ಇಲ್ಲ’ ಎಂದು ಬಂದೊಡನೆ ಡೆಂಗ್ಯೂ ಇಲ್ಲವೆಂದು ನಿಶ್ಚಿಂತರಾಗುವುದು ಅಪಾಯಕ್ಕೆ ದಾರಿ.

ಇನ್ನೊಂದು ಮಾತನ್ನು ವಾರ್ತೆಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಡೆಂಗ್ಯೂ ಎಂದು ಹೆಸರಿಟ್ಟರೆ ಕೆಲಸ ಮುಗಿಯಿತೇ? ಈ ರೋಗದಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತಿದೆಯೇ, ಪ್ಲೇಟ್‌ಲೆಟ್ ಇಳಿಯುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಲೇಬೇಕು. ಅದನ್ನು ಉಗುಳಿನಿಂದ ತಿಳಿಯುವಂತಿಲ್ಲ. ಅಂದರೆ ರೋಗನಿರ್ಣಯಕ್ಕೆ ತಪ್ಪಿದ ಸೂಜಿ ಚಿಕಿತ್ಸೆಗೆ ಬಂದೇ ಬರುತ್ತದೆ. ‘ಸೂಜಿಯಿಲ್ಲದ ಡೆಂಗ್ಯೂ ಪರೀಕ್ಷೆ’ ಎಂಬ ತಲೆಬರಹ ಕಂಡು ಹಿಗ್ಗುವವರು ಇದನ್ನು ನೆನಪಿಡಬೇಕು.

ಹಾಗಾದರೆ ಈ ವಿಧಾನ ಎಲ್ಲಿ ಸಲ್ಲುತ್ತದೆ? ಒಬ್ಬ ರೋಗಿಯ ಚಿಕಿತ್ಸೆಗಿಂತಲೂ ಊರಿನ ಮೇಲೆ ಕಣ್ಣಿಡುವುದಕ್ಕೆ ಎಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 1994ರಿಂದಲೂ ದಡಾರದ ನಿಗಾಕ್ಕೆ ಮಕ್ಕಳ ಬಾಯಿಯ ದ್ರವವನ್ನೇ ಪರೀಕ್ಷಿಸಲಾಗುತ್ತಿದೆ. ರಕ್ತಕ್ಕಾದರೆ ಅಷ್ಟು ಮಂದಿ ತಾಯಂದಿರು ಒಪ್ಪುತ್ತಿರಲಿಲ್ಲ. ಒಂದು ವಠಾರದಲ್ಲಿ ನಾಲ್ಕು ಮನೆಗಳಿಗೆ ಜ್ವರ ಬಂದಾಗ ಉಳಿದ ಹತ್ತು ಮನೆಗಳವರ ರಕ್ತ ಕೇಳುವುದು ಕಷ್ಟ, ಮೂತ್ರದ ಬಾಟಲಿ ಕೇಳುವುದು ಸುಲಭ. ಆಸ್ಟ್ರೇಲಿಯದವರಂತೂ ಮನುಷ್ಯನನ್ನೇ ಬಿಟ್ಟರು: ಜೇನು ನೆನೆಸಿದ ಕಾಗದವನ್ನು ಬೋನಿನೊಳಗಿಟ್ಟು, ಅದನ್ನು ಹೀರಲು ಬಂದ ನುಸಿಗಳು ಬಿಟ್ಟುಹೋದ ಉಗುಳಿನಲ್ಲಿ ವೈರಸ್ ಹುಡುಕುವ ಕ್ರಮವನ್ನು 2010ರಲ್ಲಿ ಪ್ರಕಟಿಸಿದರು. ನುಸಿಗೇ ಉಗುಳು ಪರೀಕ್ಷೆ! ನಗು ಬಂದರೂ ಯುಕ್ತಿ ಮೆಚ್ಚಬೇಕಾದ್ದೇ.

ನಮ್ಮಲ್ಲಿ ತೊಡಕು ಇರುವುದು ಪ್ರಯೋಗಾಲಯದ ದೂರದಲ್ಲಿ. ಉಗುಳಾಗಲಿ ಮೂತ್ರವಾಗಲಿ, ವೈರಸ್ಸಿನ ಆರ್.ಎನ್.ಎ. ಬಿಸಿಗೆ ಬೇಗ ಹಾಳಾಗುತ್ತದೆ. ಮಾದರಿಯನ್ನು ತಂಪಿನಲ್ಲಿಟ್ಟು ಬೇಗನೆ ತಲಪಿಸಬೇಕು. ತಲಪಾಡಿಯ ಗಡಿ ಮುಚ್ಚಿದ 2020ರ ಮಾರ್ಚಿನಲ್ಲಿ ಮಂಗಳೂರನ್ನೇ ನಂಬಿದ ನಮ್ಮ ರೋಗಿಗಳ ಪಾಡೇನಾಯಿತೆಂಬುದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೋವಿಡಿನ ಪಿ.ಸಿ.ಆರ್. ಪರೀಕ್ಷೆ ನಡೆಸಿದ್ದನ್ನೂ ಮರೆಯಬಾರದು. ಈ ಕೆಲಸ ಜಿಲ್ಲೆಯೊಳಗೇ ಸಾಧ್ಯವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಝೀಕಾ, ವೆಸ್ಟ್ ನೈಲ್‌ನಂಥ ಸಂಶಯದ ಪ್ರಕರಣಗಳ ಮೂತ್ರವನ್ನು ಮಳೆಗಾಲದಲ್ಲಾದರೂ ಇಲ್ಲಿಯೇ ಪರೀಕ್ಷಿಸುವ ವ್ಯವಸ್ಥೆಯನ್ನು ಸರಕಾರ ಯಾಕೆ ಯೋಚಿಸಬಾರದು? ವೆಸ್ಟ್ ನೈಲ್ ಜ್ವರದಿಂದ 2019ರಲ್ಲಿ ಮಲಪ್ಪುರದ ಬಾಲಕನೊಬ್ಬ ತೀರಿಕೊಂಡ; ಆ ವೈರಸ್ಸೂ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಮೂತ್ರದಲ್ಲಿ ಹೆಚ್ಚು ದಿನ ಸಿಗುತ್ತದೆಂದು ಇಟಲಿಯವರು ಕಂಡುಕೊಂಡಿದ್ದಾರೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಬಂದೇ ಬರುತ್ತದೆ. ರಕ್ತವನ್ನು ದಾದಿ ತೆಗೆಯುತ್ತಾಳೆ. ಉಗುಳನ್ನೂ ಮೂತ್ರವನ್ನೂ ರೋಗಿ ತಾನೇ ತೆಗೆಯಬೇಕು. ಉಗುಳು ಕೊಡುವುದಕ್ಕೆ ಅರ್ಧ ಗಂಟೆ ಮೊದಲು ಏನನ್ನೂ ತಿನ್ನಬಾರದು, ಕುಡಿಯಬಾರದು, ಎಲೆಅಡಿಕೆ ಹಾಕಬಾರದು ಎಂಬ ಸೂಚನೆ ಮಲೆಯಾಳದಲ್ಲಿ ಮಾತ್ರ ಅಚ್ಚಾದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟು ಮಂದಿ ಅಜ್ಜಂದಿರು ಅದನ್ನು ಓದಿಯಾರು? ಬಾಯಿತುಂಬ ತಾಂಬೂಲದ ರಸ ಹೊತ್ತುಬಂದ ಮಾದರಿಯಿಂದ ಯಾವ ಯಂತ್ರವೂ ಸರಿಯಾದ ಉತ್ತರ ಕೊಡದು. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದ ಸೂಚನಾಪತ್ರ ಕೇಳುವುದನ್ನು ಅಭಿಮಾನದ ಮಾತೆಂದು ತಳ್ಳಿಹಾಕುವ ಅಧಿಕಾರಿಗಳು, ಇಲ್ಲಿ ಅದು ಪರೀಕ್ಷೆಯ ಫಲಿತಾಂಶದ ಪ್ರಶ್ನೆಯೇ ಆಗುತ್ತದೆಂಬುದನ್ನು ನೋಡಬೇಕು.

ಆ ಪತ್ರದಲ್ಲಿ ಜ್ವರ ತೊಡಗಿದ ತಾರೀಕು ಬರೆಯಲು ಒಂದು ಜಾಗವೂ ಇರಲಿ. ಯಾವ ದಿನದ ಮಾದರಿ ಎಂದು ಗೊತ್ತಿಲ್ಲದಿದ್ದರೆ ರಕ್ತ ನೋಡಬೇಕೋ ಮೂತ್ರ ನೋಡಬೇಕೋ, ‘ಇಲ್ಲ’ ಎಂಬ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕೋ ತಿಳಿಯದು. ಹೆಚ್ಚಿನ ಮನೆಗಳಲ್ಲಿ ಈ ತಾರೀಕು ಯಾರಿಗೂ ನೆನಪಿರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಮಟ್ಟಿಗೆ ಮಾತ್ರ ಅದು ಹಾಜರಿ ಪುಸ್ತಕದಲ್ಲೂ ರಜೆಯ ಅರ್ಜಿಯಲ್ಲೂ ದಾಖಲಾಗಿರುತ್ತದೆ. ಆರೋಗ್ಯ ಕೇಂದ್ರದವರು ಬಂದು ಕೇಳಿದರೆ ಯಾವ ಮೇಷ್ಟರೂ ಇಲ್ಲವೆನ್ನಲಾರರು.