ಹೋಮ್‌ಸ್ಟೇ ಅಂಗಳಕ್ಕೊಂದು ಚಾರ್ಜರು

ಗಾಡಿ ಕಟ್ಟಿಕೊಂಡು ದೂರದಿಂದ ಬಂದ ನೆಂಟನಿಗೆ ಎಲೆ ಹಾಕುವ ಮೊದಲು ಅವನ ಎತ್ತುಗಳಿಗೆ ಹುಲ್ಲು ನೀರು ಒದಗಿಸುವುದು ನಮ್ಮ ಹಳ್ಳಿಗಳಲ್ಲಿ ಗೃಹಸ್ಥನ ಧರ್ಮವೆನಿಸಿತ್ತು. ಮೋಟಾರು ಬಂದ ಮೇಲೆ ಆ ಹೊಣೆ ಪೆಟ್ರೋಲ್ ಬಂಕಿನ ಪಾಲಾಯಿತು. ವಿದ್ಯುಚ್ಛಕ್ತಿಯಿಂದ ಓಡುವ ಕಾರುಗಳು ಬಳಕೆಗೆ ಬಂದಿರುವ ಈ ಕಾಲದಲ್ಲಿ ಅದೇ ಹೊಣೆ ಮರಳಿ ಮನೆಯೊಡೆಯನ ಬಾಗಿಲಿಗೆ ಬಂದು ನಿಂತಿದೆ. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರವಾಸಿಗಳನ್ನು ಇರಿಸಿಕೊಳ್ಳುವ ಹೋಮ್‌ಸ್ಟೇಗಳ ಒಡೆಯರು ಈ ಹೊಣೆಯನ್ನು ಹೇಗೆ ನಿರ್ವಹಿಸಬೇಕು? ಅವರು ದೊಡ್ಡ ಯಂತ್ರವನ್ನು ಸ್ಥಾಪಿಸಬೇಕಾದ ಅಗತ್ಯವಿಲ್ಲ; ಆದರೆ ಸಣ್ಣದನ್ನು ಶಾಸ್ತ್ರೋಕ್ತವಾಗಿ ಸ್ಥಾಪಿಸದೆ ಇರಲಾಗದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಕಿಲೋವಾಟ್ ಶಕ್ತಿಯನ್ನು ಒಂದು ಗಂಟೆ ಕಾಲ ಬಳಸಿದರೆ ಒಂದು ಯೂನಿಟ್ ಖರ್ಚಾಗುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಸಾಧಾರಣ ಗಾತ್ರದ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ 6ರಿಂದ 7 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 250 ಕಿಲೋಮೀಟರ್. ಎಂದರೆ ಸುಮಾರು 40 ಯೂನಿಟ್ ಬೇಕು. 3.3 ಕಿಲೋವಾಟಿನ ಸಣ್ಣ ಚಾರ್ಜರು 10 ಗಂಟೆಗಳಲ್ಲಿ 33 ಯೂನಿಟ್ ಕೊಡುತ್ತದೆ. ಹತ್ತರಲ್ಲೊಂದು ಪಾಲು ನಷ್ಟವಾದರೂ 30 ಯೂನಿಟ್ ಬ್ಯಾಟರಿಯನ್ನು ಸೇರುವುದು. ಅತಿಥಿಯು ಉಂಡು ಮಲಗಿ ಬೆಳಗಿನ ಕಾಫಿ ಕುಡಿಯುವಷ್ಟರಲ್ಲಿ ಸುಮಾರು 190 ಕಿಲೋಮೀಟರ್ ದಾರಿಗೆ ಬುತ್ತಿ ಸಿದ್ಧವಾಗಿರುತ್ತದೆ. ಎರಡು ರಾತ್ರಿ ತಂಗಿದರಂತೂ ಯಾವ ಕೊರತೆಯೂ ಉಳಿಯುವುದಿಲ್ಲ. ಹೆದ್ದಾರಿಯಲ್ಲಿ ನಿಂತವನಿಗೆ ಅವಸರವಿದೆ. ಹೋಮ್‌ಸ್ಟೇಗೆ ಬಂದವನಿಗೆ ಇಲ್ಲ.

ಅವಸರದ ಯಂತ್ರ ಹಳ್ಳಿಗೆ ಭಾರವೂ ಹೌದು. ಶೀಘ್ರವಾಗಿ ತುಂಬುವ 50 ಕಿಲೋವಾಟಿನ ಚಾರ್ಜರು ಹದಿನೈದು ಸಣ್ಣ ಚಾರ್ಜರುಗಳಿಗೆ ಸಮ. ಗ್ರಾಮಗಳಲ್ಲಿ ಕಾಣುವ ಟ್ರಾನ್ಸ್‌ಫಾರ್ಮರುಗಳಲ್ಲಿ ಎಷ್ಟೋ 25 ಕೆ.ವಿ.ಎ. ಸಾಮರ್ಥ್ಯದವು, ಅಂಥ ಒಂದರಿಂದ ಈ ಯಂತ್ರವನ್ನು ನಡೆಸುವುದೇ ಅಸಾಧ್ಯ. ಸಣ್ಣ ಚಾರ್ಜರುಗಳಾದರೂ ನಾಲ್ಕು ಮನೆಗಳಲ್ಲಿ ಏಕಕಾಲಕ್ಕೆ ನಡೆದರೆ ಅದರ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಹೀರಿಕೊಳ್ಳುತ್ತವೆ. ಆದುದರಿಂದ ಮಂಜೂರಾದ ವಿದ್ಯುತ್ ಭಾರವನ್ನು ಹೆಚ್ಚಿಸಿಕೊಳ್ಳಲು ಕೊಡಗಿನವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ, ಚಿಕ್ಕಮಗಳೂರಿನವರು ಮಂಗಳೂರು ವಿದ್ಯುತ್ ಸರಬರಾಜು ಕಂಪನಿಗೂ ಮೊದಲೇ ಅರ್ಜಿ ಸಲ್ಲಿಸುವುದು ಯುಕ್ತ. ಗೀಸರು, ಇಸ್ತ್ರಿಪೆಟ್ಟಿಗೆಗಳು ವಿಶ್ರಮಿಸಿದ ಮೇಲೆ, ರಾತ್ರಿ ಹತ್ತರ ಅನಂತರ, ಚಾರ್ಜು ಆರಂಭವಾಗುವಂತೆ ಮಾಡುವುದೂ ಉಚಿತ.

ಇನ್ನು ಅಪಾಯದ ಮಾತು. ಚಾರ್ಜರಿಲ್ಲದ ಮನೆಗೆ ವಿದ್ಯುತ್ ಕಾರು ಬಂದರೆ ನಡೆಯುವುದೇನು? ಅಡಿಗೆಮನೆಯ ಸಾಕೆಟ್ಟಿನಿಂದ ಕಿಟಕಿಯ ಮೂಲಕ ಉದ್ದನೆಯ ವಯರನ್ನು ಅಂಗಳಕ್ಕೆ ಎಳೆಯುತ್ತಾರೆ. 3.3 ಕಿಲೋವಾಟಿಗೆ 230 ವೋಲ್ಟಿನಲ್ಲಿ ಸುಮಾರು 14 ಆಂಪಿಯರ್ ಪ್ರವಾಹ ಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಹುಟ್ಟುವ ಶಾಖ ದೊರೆಯುತ್ತದೆಂಬ ಜೌಲನ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡಿರಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 30 ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು ಒಂದು ಓಮ್. ಅದರಲ್ಲಿ ಹುಟ್ಟುವ ಶಾಖ ಸುಮಾರು 200 ವಾಟ್! ತಂತಿ ಸುರುಳಿಯಾಗಿ ಬಿದ್ದಿದ್ದರೆ ಆ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಸಾಕೆಟ್ಟಿನ ಸಡಿಲವಾದ ಕೂಡುವಿಕೆಯಲ್ಲಿ 0.1 ಓಮ್ ರೋಧವಿದ್ದರೂ ಅಲ್ಲಿ 20 ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಬೆಸುಗೆ ಕಡ್ಡಿಯೊಂದನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿದಂತಾಯಿತು. ನೀರು ಕಾಯಿಸುವ ಪಾತ್ರೆಯಾದರೆ ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಕಾರಿನ ಕೆಲಸ ಮನೆಯವರೆಲ್ಲ ನಿದ್ರಿಸುವಾಗ ಹತ್ತು ಗಂಟೆ ಕಾಲ ನಡೆಯುತ್ತದೆ.

ಭೂಸಂಪರ್ಕದ ವಿಷಯ ಇದಕ್ಕಿಂತಲೂ ಗಂಭೀರವಾದುದು. ರಬ್ಬರಿನ ಚಕ್ರಗಳು ಕಾರನ್ನು ನೆಲದಿಂದ ಬೇರ್ಪಡಿಸಿರುತ್ತವೆ. ವಿದ್ಯುತ್ತು ಸೋರಿ ಕಾರಿನ ಲೋಹದ ಮೈಯನ್ನು ಸೇರಿದರೆ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವನ ದೇಹವೇ ಅದಕ್ಕೆ ದಾರಿಯಾಗುತ್ತದೆ. ಇದನ್ನು ತಡೆಯಲೆಂದೇ ಎಷ್ಟೋ ಚಾರ್ಜರುಗಳು ಭೂಸಂಪರ್ಕವಿಲ್ಲದಿದ್ದರೆ ಕೆಲಸ ಮಾಡಲು ನಿರಾಕರಿಸುತ್ತವೆ. ಆಗ ಸಾಕೆಟ್ಟಿನ ಭೂಸಂಪರ್ಕದ ತಂತಿಯನ್ನು ನ್ಯೂಟ್ರಲ್ ತಂತಿಗೆ ಕಟ್ಟಿ ಯಂತ್ರವನ್ನು ವಂಚಿಸುವ ಉಪಾಯವೊಂದು ರೂಢಿಯಲ್ಲಿದೆ. ಯಂತ್ರ ಮೋಸಹೋಗಬಹುದು, ನಿಸರ್ಗದ ನಿಯಮ ಮೋಸಹೋಗದು. ಮುಂದೆಂದಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಯೆಲ್ಲ ವಿದ್ಯುನ್ಮಯವಾಗುತ್ತದೆ.

ಬೇಕಾದುದು ಇಷ್ಟೇ: ಮೀಟರು ಪೆಟ್ಟಿಗೆಯಿಂದ ನೇರವಾಗಿ ಬರುವ, ನಾಲ್ಕು ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ಪ್ರತ್ಯೇಕ ತಾಮ್ರದ ತಂತಿ; ಮಳೆನೀರು ತಾಗದ ಪೆಟ್ಟಿಗೆಯಲ್ಲಿ ಗಟ್ಟಿಯಾದ ಸಾಕೆಟ್ಟು ಅಥವಾ ಚಾರ್ಜರು; ಪರೀಕ್ಷಿಸಿದ ಭೂಸಂಪರ್ಕ; 30 ಮಿಲಿ ಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ರಕ್ಷಕ ಸ್ವಿಚ್ಚು. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

"ವರ್ಷಕ್ಕೆ ನಾಲ್ಕು ವಿದ್ಯುತ್ ಕಾರು ಬಂದರೆ ಹೆಚ್ಚು; ಇಷ್ಟು ಖರ್ಚೇಕೆ?" ಎಂದು ಕೆಲವರು ಕೇಳಬಹುದು. ವಯರು ಸುಟ್ಟು ಮನೆಗೆ ಬೆಂಕಿ ಹತ್ತಲು ನಾಲ್ಕು ಕಾರು ಬೇಕಿಲ್ಲ, ಒಂದೇ ಸಾಕು. ಖರ್ಚನ್ನು ಅತಿಥಿಯಿಂದ ಪಡೆಯಲು ಅಡ್ಡಿಯೂ ಇಲ್ಲ. ವಾಹನಕ್ಕೆ ವಿದ್ಯುತ್ ತುಂಬಿಕೊಡುವುದು ಸೇವೆಯೇ ಹೊರತು ವಿದ್ಯುತ್ತಿನ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರಲ್ಲಿಯೇ ಸ್ಪಷ್ಟಪಡಿಸಿದೆ. ಬೇರೊಂದು ಸಣ್ಣ ಮೀಟರನ್ನಿಟ್ಟು ಯೂನಿಟ್ಟಿನ ಲೆಕ್ಕದಲ್ಲಿ ಹಣ ಪಡೆಯುವುದೇ ನ್ಯಾಯ. ಎಲ್ಲರಿಗೂ ಉಚಿತವೆಂದು ಸಾರಿ ಕೊಠಡಿಯ ಬಾಡಿಗೆಯಲ್ಲಿ ಅದನ್ನು ಸೇರಿಸಿದರೆ, ಬಸ್ಸಿನಲ್ಲಿ ಬಂದವನು ಕಾರಿನವನ ಪ್ರಯಾಣಕ್ಕೆ ತೆರಿಗೆ ತೆತ್ತಂತಾಗುತ್ತದೆ.

ಮಳೆಗಾಲದಲ್ಲಿ ಮಲೆನಾಡಿನ ತಂತಿಗಳ ಮೇಲೆ ಮರಗಳು ಉರುಳುವುದುಂಟು. ಆಗ ಮನೆಯ ಇನ್‌ವರ್ಟರನ್ನು ನೆಚ್ಚುವಂತಿಲ್ಲ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಎರಡು ಯೂನಿಟ್ಟೂ ಇರುವುದಿಲ್ಲ; ಅದೆಲ್ಲವನ್ನೂ ಬರಿದು ಮಾಡಿದರೂ ಕಾರು ಹತ್ತು ಹನ್ನೆರಡು ಕಿಲೋಮೀಟರ್ ಹೋದೀತು. ಆದುದರಿಂದ ಒಡೆಯನು ಚಾರ್ಜರಿನ ಸಾಮರ್ಥ್ಯವನ್ನೂ ವಿದ್ಯುತ್ತಿನ ಭರವಸೆ ಎಷ್ಟೆಂಬುದನ್ನೂ ಕೊಠಡಿ ಕಾದಿರಿಸುವಾಗಲೇ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅತಿಥಿಯೂ ಹಾದಿಯಲ್ಲಿಯೇ ಸ್ವಲ್ಪ ಶಕ್ತಿಯನ್ನು ಉಳಿಸಿಕೊಂಡು ಬರಬೇಕು.

ಜೌಲನ ನಿಯಮವನ್ನು ಪರೀಕ್ಷೆಗಾಗಿ ಕಲಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳೇ ಇಂದು ಹೋಮ್‌ಸ್ಟೇಗಳಾಗಿವೆ. ಅಂಥವರು ಈ ರಜೆಯಲ್ಲಿ ತಮ್ಮ ಮನೆಯ ಸಾಕೆಟ್ಟಿನಿಂದ ಅಂಗಳದವರೆಗಿನ ದೂರವನ್ನು ಅಳೆದು, ತಂತಿಯ ದಪ್ಪವನ್ನು ಕೇಳಿ ತಿಳಿದು, ಮೇಲಿನ ಲೆಕ್ಕವನ್ನು ತಾವೇ ಮಾಡಿ ಹಿರಿಯರ ಮುಂದಿಡಲಿ. ಆ ಲೆಕ್ಕವೇ ಹಿರಿಯರನ್ನು ಒಪ್ಪಿಸಲು ಸಾಕು.