ಮುಹೂರ್ತ ಆಮೇಲೆ ಇಡಿ, ಮೊದಲು ಗೋಡೆ ನೋಡಿ

ತೆಂಗಿನಕಾಯಿ ಕೊಳ್ಳುವಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀವಿ, ಬೆರಳಲ್ಲಿ ತಟ್ಟಿ ನೋಡ್ತೀವಿ. ಆದರೆ ಇಪ್ಪತ್ತು ವರ್ಷ ಸಾಲ ಕಟ್ಟಬೇಕಾದ ಫ್ಲ್ಯಾಟನ್ನು ಮಾತ್ರ ಮಾಡೆಲ್ ಫ್ಲ್ಯಾಟಿನ ಸೋಫಾ ನೋಡಿ ಕೊಂಡುಬಿಡ್ತೀವಿ!

"ವಕೀಲರು ನೋಡಿದ್ದಾರೆ, ಬ್ಯಾಂಕಿನವರು ಲೋನ್ ಕೊಟ್ಟಿದ್ದಾರೆ, ಇನ್ನೇನು ನೋಡೋದು?" ಅನ್ನುವವರು ಬಹಳ. ವಕೀಲರು ನೋಡೋದು ಮದರ್ ಡೀಡ್, ಇಸಿ, ಖಾತೆ. ಬ್ಯಾಂಕಿನ ವ್ಯಾಲ್ಯುಯರ್ ನೋಡೋದು ಸಾಲಕ್ಕೆ ತಕ್ಕ ಬೆಲೆ ಇದೆಯಾ ಅಂತ. ಬಚ್ಚಲುಮನೆ ನೀರು ಕೆಳಗಿನ ಮನೆಗೆ ಸೋರುತ್ತಾ ಅನ್ನೋದು ಇಬ್ಬರ ಕೆಲಸವೂ ಅಲ್ಲ.

ಅಮೆರಿಕದಲ್ಲಿ ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕರೆ ಹಿಂದೆ ಸರಿಯಬಹುದು ಅನ್ನೋ ಷರತ್ತಿನ ಮೇಲೇ ಮನೆ ಕೊಳ್ಳೋದು ರೂಢಿ. ಬೆಂಗಳೂರಲ್ಲೂ ಈಗ ಹಣ ಪಡೆದು ಮನೆ ತಪಾಸಣೆ ಮಾಡಿಕೊಡುವವರು ಇದ್ದಾರೆ. ಕರೆಯುವ ಮುಂಚೆ ಎರಡು ಪ್ರಶ್ನೆ ಕೇಳಿ: ಬಿಲ್ಡರ್ ಅಥವಾ ಬ್ರೋಕರ್ ಕಡೆಯವರಾ? ಹಿಂದೆ ಕೊಟ್ಟ ಒಂದು ರಿಪೋರ್ಟ್ ತೋರಿಸ್ತೀರಾ? ಅಷ್ಟು ಖರ್ಚು ಬೇಡ ಅಂದರೆ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರ್ಕೊಂಡು ಹೋಗಿ.

ನಾವೇ ಮಾಡಬಹುದಾದ್ದೂ ಇದೆ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಸರಿಯಾಗಿ ತುಂಬಿಲ್ಲ. ಬಚ್ಚಲಲ್ಲಿ ನೀರು ಕಟ್ಟಿ ಒಂದು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಟೇಪ್ ಹಿಡಿದು ಕಾರ್ಪೆಟ್ ಏರಿಯಾ ಅಳೆಯಿರಿ. ಬಾಲ್ಕನಿ, ಹೊರಗೋಡೆ ಅದಕ್ಕೆ ಸೇರೋದಿಲ್ಲ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗಿ, ಹೊಸ ಪೇಂಟ್ ಮುಚ್ಚಿಟ್ಟದ್ದನ್ನು ಮಳೆ ಹೇಳಿಬಿಡುತ್ತೆ. ಆದರೆ ತಪಾಸಣೆಗೂ ಮಿತಿ ಇದೆ. ಗೋಡೆ ಒಡೆಯದೆ ಒಳಗಿನ ಕಂಬಿ ಎಷ್ಟು ಹಾಕಿದ್ದಾರೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.

ಅಲ್ಲಿಗೆ ಬರೋದು 2016ರ ರೇರಾ ಕಾಯ್ದೆ. ಅದರ 14(3)ನೇ ಸೆಕ್ಷನ್ ಪ್ರಕಾರ, ಪೊಸೆಷನ್ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಲ್ಲೇ ಸರಿಮಾಡಬೇಕು. ಇಲ್ಲವಾದರೆ ಪರಿಹಾರ ಕೇಳಬಹುದು. ಫೋನಲ್ಲಿ ಕೂಗಾಡೋದು ಸಾಕ್ಷಿ ಆಗಲ್ಲ. ಫೋಟೋ ಸಮೇತ ಇಮೇಲ್ ಕಳಿಸಿ. ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್ ಕೊಳ್ಳುವವರು ಆ 5 ವರ್ಷದಲ್ಲಿ ಎಷ್ಟು ಆಗಲೇ ಕಳೆದಿದೆ ಅಂತ ಮೊದಲು ಲೆಕ್ಕ ಹಾಕಿ.

ನನ್ನ ಪ್ರಕಾರ ನಮ್ಮ ನಿಜವಾದ ತೊಂದರೆ ಬಿಲ್ಡರ್ ಅಲ್ಲ, ಅವಸರ. ಗೃಹಪ್ರವೇಶದ ದಿನ ಗೊತ್ತು ಮಾಡಿ, ಕಾರ್ಡ್ ಹಂಚಿ, ಆಮೇಲೆ ಕೀ ಕೇಳೋಕೆ ಹೋಗ್ತೀವಿ. ಬಿಲ್ಡರ್ ಕಡೆಯವರು "ಎಲ್ಲಾ ತೃಪ್ತಿಕರವಾಗಿದೆ" ಅನ್ನೋ ಕಾಗದ ಮುಂದಿಟ್ಟರೆ ಸಹಿ ಹಾಕದೆ ಬೇರೆ ದಾರಿಯೇ ಇರೋದಿಲ್ಲ. ಓಸಿ ಬಂದ ಮೇಲೆ ಪೊಸೆಷನ್ ತಗೊಳ್ಳೋಕೆ ಕಾಯ್ದೆ 2 ತಿಂಗಳು ಕೊಟ್ಟಿದೆ. ಓಸಿ ಪ್ರತಿ ಕೈಗೆ ಬರಲಿ, ದೋಷಗಳ ಪಟ್ಟಿಗೆ ಬಿಲ್ಡರ್ ಸಹಿ ಬೀಳಲಿ, ಆಮೇಲೆ ಪುರೋಹಿತರಿಗೆ ಫೋನ್ ಮಾಡಿ. ಒಳ್ಳೆ ಮುಹೂರ್ತ ಮುಂದಿನ ತಿಂಗಳೂ ಬರುತ್ತೆ.

ನೀವೇನಂತೀರಿ?