ಸ್ಪೀಕರ್ ಒಂದೇ ಜೋಡಿ ಸಾಕು

ನಮ್ಮ ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಎರಡು, ಪಿಸಿ ಸ್ಪೀಕರ್ ಒಂದೇ ಜೋಡಿ. ದಿನಾ ಪಿನ್ ಕಿತ್ತು ಚುಚ್ಚಿ ಜ್ಯಾಕ್ ಸಡಿಲ ಆಯ್ತು, ಎಡಗಡೆ ಸದ್ದೇ ಇಲ್ಲ. ಇನ್ನೊಂದು ಜೋಡಿ ತಗೊಳ್ಳೋಣ ಅಂದವರೇ ಜಾಸ್ತಿ. ನಾವು ಒಪ್ಪಲಿಲ್ಲ.

ವೈ ಕೇಬಲ್ ಬೇಡ. ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್‌ಗೆ ಕರೆಂಟ್ ತಳ್ಳುತ್ತೆ. ಬೇಕಾದ್ದು 6 ಕಾಲಿನ ಡಿಪಿಡಿಟಿ ಸ್ವಿಚ್. ನಡುವಿನ ಎರಡು ಕಾಲು ಸ್ಪೀಕರ್‌ನ ಎಡ-ಬಲಕ್ಕೆ, ಆ ತುದಿಯ ಜೋಡಿ ಒಂದು ಲ್ಯಾಪ್‌ಟಾಪ್‌ಗೆ, ಈ ತುದಿಯದು ಇನ್ನೊಂದಕ್ಕೆ. ಗ್ರೌಂಡ್ ಮೂರಕ್ಕೂ ಸೇರಿಸಿ. ಆದರೆ ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗೋ ವೈರ್‌ಗಳಿಗೆ ಈ ಉಪಾಯ ಮಾಡಬೇಡಿ, ಕೆಲವು ಆಂಪ್ಲಿಫೈಯರ್ ಸುಟ್ಟೇ ಹೋಗುತ್ತೆ.

ಸೆಮಿಸ್ಟರ್‌ಗಟ್ಟಲೆ ಸರ್ಕ್ಯೂಟ್ ಬರೆದು ಮಾರ್ಕ್ಸ್ ತಗೊಳ್ಳೋ ನಾವು ಏಳೆಂಟು ಬೆಸುಗೆಗೆ ಹೆದರೋದು ಯಾಕ್ರೀ? ನಮ್ಮ ಸ್ವಿಚ್ ಮಂಚದ ಕಾಲಿಗೆ ಟೇಪ್ ಸುತ್ತಿಕೊಂಡು ಕೂತಿದೆ, ಬಂದು ನೋಡಿ.